ಕಾಗದದ ಸುರುಳಿಯೊಳಗೊಂದು ಚಿಗರಿ

ಕೈಯಿಂದ ಪ್ರಾಣಿ ಮಾಡಲು ನಮ್ಮ ಕಡೆ ವರ್ಷದಲ್ಲಿ ಗೊತ್ತಾದ ದಿನಗಳಿವೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಜಿಗುಟು ಮಣ್ಣು ತಂದು ಜೋಡೆತ್ತು ಮಾಡಿ ಪೂಜೆ ಮಾಡುತ್ತೇವೆ. ಶ್ರಾವಣದಲ್ಲಿ ನಾಗರ ಪಂಚಮಿಗೆ ಮಣ್ಣಿನ ನಾಗಪ್ಪ. ಗಣಪತಿ ಹಬ್ಬಕ್ಕೆ ಗಣಪನ ಕಾಲ ಬಳಿ ಒಂದು ಇಲಿ. ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಬಂದರೆ ಸಕ್ಕರೆ ಆರತಿ; ಆನೆ, ಕುದುರೆ, ಒಂಟೆ, ನವಿಲು ಎಲ್ಲವೂ ಸಕ್ಕರೆ ಅಚ್ಚಿನಲ್ಲಿ. ಹೀಗೆ ಮಾಡಿದ ಪ್ರಾಣಿಗಳಲ್ಲಿ ಮಣ್ಣಿನವು ನೀರಿಗೆ ಹೋಗುತ್ತವೆ, ಸಕ್ಕರೆಯವು ಹೊಟ್ಟೆಗೆ ಹೋಗುತ್ತವೆ. ಎತ್ತಿಟ್ಟುಕೊಳ್ಳಲು ಒಂದೂ ಉಳಿಯುವುದಿಲ್ಲ.

ಎತ್ತಿಟ್ಟುಕೊಳ್ಳಬಹುದಾದ ಪ್ರಾಣಿಯನ್ನು ಮಾಡಲು ನನಗೆ ಕಲಿಸಿದವಳು ಆರನೆಯ ತರಗತಿ ಓದುವ ಮೊಮ್ಮಗಳು. ಅದು ಕಾಗದದ ಪ್ರಾಣಿ. ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸುರುಳಿ ಸುತ್ತಿ, ಸುರುಳಿಯನ್ನು ಬೆರಳಿನಿಂದ ಹಿಸುಕಿ ಬೇಕಾದ ಆಕಾರ ಕೊಟ್ಟು, ಒಂದಕ್ಕೊಂದು ಅಂಟಿಸುತ್ತಾ ಹೋಗುವ ಕೆಲಸ. ಇದಕ್ಕೆ ಕ್ವಿಲಿಂಗ್ ಎನ್ನುತ್ತಾರೆ. ದಸರಾ ರಜೆಗೆ ಅವಳಿಗೆ ಶಾಲೆಯಲ್ಲಿ 'ನಮ್ಮ ಜಿಲ್ಲೆಯ ಪ್ರಾಣಿಗಳು' ಎಂಬ ಸ್ಕ್ರಾಪ್‌ಬುಕ್ ಪುಟ ಮಾಡಲು ಹೇಳಿದ್ದರು. ಪುಸ್ತಕದಂಗಡಿಯಲ್ಲಿ ಸಿಗುವ ಪ್ರಾಣಿಗಳ ಚಾರ್ಟಿನಲ್ಲಿ ಸಿಂಹ, ಜಿರಾಫೆ, ಜೀಬ್ರಾ ಇದ್ದವು. ಹಾವೇರಿ ಜಿಲ್ಲೆಯ ಪ್ರಾಣಿಗಳನ್ನು ಕತ್ತರಿಸಿ ಅಂಟಿಸಲು ಆ ಚಾರ್ಟಿನಲ್ಲಿ ಏನೂ ಇರಲಿಲ್ಲ. ಆದ್ದರಿಂದ ಐರಣಿಯ ನಮ್ಮ ಪಡಸಾಲೆಯಲ್ಲಿ ಅಜ್ಜ, ಮೊಮ್ಮಗಳು, ಎರಡನೆಯ ತರಗತಿಯ ಮೊಮ್ಮಗ ಮೂವರೂ ಕೂತು ನಮ್ಮ ಪ್ರಾಣಿಗಳನ್ನು ನಾವೇ ಸುತ್ತಿದೆವು. ಮಾಡುವ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೇ, ನಿಮ್ಮ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಮಾಡಿ. ಅವರು ಯಾಕೆ ಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ಗರಿಯಿಂದ ಬಂದ ಹೆಸರು

ಕ್ವಿಲ್ ಎಂದರೆ ಹಕ್ಕಿಯ ಗರಿಯ ಗಟ್ಟಿ ದಂಟು. ಹಿಂದೆ ಯುರೋಪಿನಲ್ಲಿ ಅದರ ತುದಿ ಕೊಯ್ದು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಅದೇ ದಂಟಿಗೆ ಕಾಗದದ ಪಟ್ಟಿ ಸುತ್ತಿ ಸುರುಳಿ ಮಾಡುತ್ತಿದ್ದುದರಿಂದ ಈ ಕಲೆಗೆ ಕ್ವಿಲಿಂಗ್ ಎಂಬ ಹೆಸರು ಬಂತು. ಅಲ್ಲಿನ ಕ್ರೈಸ್ತ ಮಠಗಳ ಸನ್ಯಾಸಿನಿಯರು ಪುಸ್ತಕಗಳ ಚಿನ್ನದ ಬಣ್ಣದ ಅಂಚು ಕತ್ತರಿಸಿದಾಗ ಉಳಿದ ಪಟ್ಟಿಗಳನ್ನು ಎಸೆಯದೆ ಸುರುಳಿ ಸುತ್ತಿ, ಪೂಜೆಯ ವಸ್ತುಗಳನ್ನು ಅಲಂಕರಿಸುತ್ತಿದ್ದರು. ದೂರದಿಂದ ನೋಡಿದರೆ ಚಿನ್ನದ ತಂತಿಯ ಕೆಲಸದಂತೆ ಕಾಣುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಅನುಕೂಲಸ್ಥ ಮನೆಗಳ ಹೆಣ್ಣುಮಕ್ಕಳು ಇದನ್ನು ಬಿಡುವಿನ ಕೆಲಸವಾಗಿ ಮಾಡಿಕೊಂಡರು. ಜೇನ್ ಆಸ್ಟೆನ್ ಎಂಬ ಲೇಖಕಿ 1811ರಲ್ಲಿ ಪ್ರಕಟಿಸಿದ 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' ಕಾದಂಬರಿಯಲ್ಲಿ ಒಂದು ಪುಟ್ಟ ಹುಡುಗಿಗಾಗಿ ಕಾಗದದ ಸುರುಳಿಗಳ ಬುಟ್ಟಿ ಮಾಡುವ ಪ್ರಸಂಗವೇ ಇದೆ.

ನಮ್ಮ ಕಡೆಯ ಕೈಗಳಿಗೆ ಸುರುಳಿ ಹೊಸದಲ್ಲ. ತಲೆಯ ಮೇಲೆ ಕೊಡ ಹೊರಲು ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡುತ್ತೇವೆ. ಚಕ್ಕುಲಿ ಒತ್ತುತ್ತೇವೆ. ಹತ್ತಿಯಿಂದ ಬತ್ತಿ ಹೊಸೆಯುತ್ತೇವೆ. ಬತ್ತಿ ಹೊಸೆದ ಬೆರಳಿಗೆ ಕಾಗದ ಸುತ್ತುವುದು ಒಂದು ಸಂಜೆಯ ಕಲಿಕೆ.

ಏನೇನು ಬೇಕು

ಬಣ್ಣದ ಎ4 ಹಾಳೆಗಳು, ಅಳತೆಪಟ್ಟಿ, ಪೆನ್ಸಿಲ್, ಫೆವಿಕಾಲ್, ಒಂದು ಊದಿನಕಡ್ಡಿ, ಒಂದು ಗುಂಡುಪಿನ್ನು, ಹಳೆಯ ರಟ್ಟಿನ ಡಬ್ಬಿಯ ತುಂಡು. ಅಂಗಡಿಯಲ್ಲಿ ಕತ್ತರಿಸಿದ ಪಟ್ಟಿಗಳ ಕಟ್ಟೂ ಸಿಗುತ್ತದೆ. ಮನೆಯಲ್ಲೇ ಕತ್ತರಿಸಿದರೆ ಅಗ್ಗ, ಜೊತೆಗೆ ಒಂದು ಲೆಕ್ಕವೂ ಆಗುತ್ತದೆ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಉದ್ದಕ್ಕೆ 5 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಒಂದು ಹಾಳೆಗೆ ಎಷ್ಟು ಪಟ್ಟಿ? 42. ಮೂರು ಮಿ.ಮೀ. ಅಗಲಕ್ಕೆ ಕತ್ತರಿಸಿದರೆ 70. ಒಂದೊಂದು ಪಟ್ಟಿಯ ಉದ್ದ ಸುಮಾರು 30 ಸೆಂಟಿಮೀಟರ್. ಚಿಕ್ಕ ಮಕ್ಕಳ ಕೈಗೆ 5 ಮಿ.ಮೀ. ಪಟ್ಟಿ ಸುಲಭ. ಪುಸ್ತಕದೊಳಗೆ ಇಡಲು 3 ಮಿ.ಮೀ. ಪಟ್ಟಿ ಒಳ್ಳೆಯದು, ಏಕೆಂದರೆ ಪಟ್ಟಿಯ ಅಗಲ ಎಷ್ಟಿದೆಯೋ ಪ್ರಾಣಿ ಪುಟದಿಂದ ಅಷ್ಟು ಎತ್ತರಕ್ಕೆ ನಿಲ್ಲುತ್ತದೆ.

ಗೆರೆ ಎಳೆಯುವುದು ಮಕ್ಕಳ ಕೆಲಸ. ಬ್ಲೇಡು ಹಿಡಿಯುವುದು ದೊಡ್ಡವರ ಕೆಲಸ.

ಕಾಗದಕ್ಕೂ ನಾರಿನ ದಿಕ್ಕು ಇದೆ ಎಂಬುದು ನಿಮಗೆ ಗೊತ್ತೇ? ಹಳೆಯ ದಿನಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟ ಹೋಗುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಅದಕ್ಕೇ ಹೀಗೆ. ನಿಮ್ಮ ಪಟ್ಟಿ ಸುತ್ತುವಾಗ ದುಂಡಗೆ ಬಾಗದೆ ಮೂಲೆಮೂಲೆಯಾಗಿ ಮುರಿಯುತ್ತಿದ್ದರೆ, ಹಾಳೆಯನ್ನು ತಿರುಗಿಸಿ ಇನ್ನೊಂದು ದಿಕ್ಕಿನಲ್ಲಿ ಕತ್ತರಿಸಿ ನೋಡಿ.

ಸುತ್ತುವ ಕಡ್ಡಿಗೆ ಊದಿನಕಡ್ಡಿಯ ಬರಿ ಬಿದಿರಿನ ತುದಿ ಸಾಕು. ತುದಿಯಲ್ಲಿ ಬ್ಲೇಡಿನಿಂದ ಅರ್ಧ ಸೆಂಟಿಮೀಟರ್ ಸೀಳು ಮಾಡಿದರೆ ಪಟ್ಟಿಯ ತುದಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡುಪಿನ್ನು ಅಂಟು ಹಚ್ಚಲು. ಅದರ ತುದಿಯಲ್ಲಿ ಬರುವಷ್ಟು ಅಂಟು ಒಂದು ಸುರುಳಿಗೆ ಬೇಕಾದಷ್ಟಾಯಿತು. ನಮ್ಮ ಕಾಲದಲ್ಲಿ ಜಾಲಿಮರದ ಅಂಟು, ಹಿಟ್ಟಿನ ಗಂಜಿ ಹಚ್ಚುತ್ತಿದ್ದೆವು. ಗಾಳಿಪಟಕ್ಕೆ ಅದು ಚೆನ್ನ. ಬಹಳ ವರ್ಷ ಇಡಬೇಕಾದ ಪುಸ್ತಕಕ್ಕೆ ಹಿಟ್ಟಿನ ಗಂಜಿ ಬೇಡ, ಅದರ ಹಿಂದೆಯೇ ಇರುವೆ, ಹುಳ ಬರುತ್ತವೆ.

ಅಡುಗೆಮನೆಯ ಹೆಸರಿನ ಆರು ಆಕಾರ

ಇಂಗ್ಲಿಷ್ ಪುಸ್ತಕಗಳಲ್ಲಿ ಈ ಆಕಾರಗಳಿಗೆ ಏನೇನೋ ಹೆಸರುಗಳಿವೆ. ನಮ್ಮ ಮನೆಯಲ್ಲಿ ಮಕ್ಕಳು ಇಟ್ಟ ಹೆಸರುಗಳು ಇವು.

ಗುಂಡಿ: ಪಟ್ಟಿಯನ್ನು ಬಿಗಿಯಾಗಿ ಕೊನೆಯವರೆಗೂ ಸುತ್ತಿ, ಕಡ್ಡಿಯಿಂದ ತೆಗೆಯುವ ಮೊದಲೇ ತುದಿಗೆ ಅಂಟು ಹಚ್ಚಬೇಕು. ಅಂಗಿಯ ಗುಂಡಿಯಂತೆ ಗಟ್ಟಿಯಾಗಿರುತ್ತದೆ. ಕಣ್ಣು, ಮೂಗು, ಗೊರಸಿಗೆ ಇದು ಬೇಕು.

ಚಕ್ಕುಲಿ: ಸುತ್ತಿದ ಸುರುಳಿಯನ್ನು ಕಡ್ಡಿಯಿಂದ ತೆಗೆದು ಬಿಟ್ಟುಬಿಡಿ. ಅದು ತಾನೇ ಬಿಚ್ಚಿಕೊಂಡು ದೊಡ್ಡದಾಗುತ್ತದೆ. ಬೇಕಾದಷ್ಟು ಬಿಚ್ಚಿದ ಮೇಲೆ ತುದಿ ಅಂಟಿಸಿ. ಮುಂದಿನ ಮೂರು ಆಕಾರಗಳಿಗೂ ಇದೇ ತಾಯಿ.

ಹನಿ: ಚಕ್ಕುಲಿಯ ಒಂದು ಬದಿಯನ್ನು ಚಿವುಟಿದರೆ ನೀರಿನ ಹನಿ.

ಕಣ್ಣು: ಎದುರುಬದುರು ಎರಡೂ ಬದಿ ಚಿವುಟಿದರೆ ಕಣ್ಣಿನ ಆಕಾರ.

ಕರ್ಚಿಕಾಯಿ: ಎರಡೂ ತುದಿ ಚಿವುಟಿ, ಕೆಳಬದಿಯನ್ನು ನೆಟ್ಟಗೆ ಒತ್ತಿ, ಮೇಲ್ಬದಿಯನ್ನು ದುಂಡಗೆ ಬಿಟ್ಟರೆ ಕರ್ಚಿಕಾಯಿ. ಪ್ರಾಣಿಗಳ ಮೈಗೆ ಇದರಷ್ಟು ಒಳ್ಳೆಯ ಆಕಾರ ಬೇರೊಂದಿಲ್ಲ.

ಸ್ಪ್ರಿಂಗು: ಪಟ್ಟಿಯನ್ನು ಒಂದರ ಮೇಲೊಂದು ಸುತ್ತದೆ, ಕಡ್ಡಿಯ ಮೇಲೆ ಓರೆಯಾಗಿ ಬಳ್ಳಿ ಹಬ್ಬಿದ ಹಾಗೆ ಸುತ್ತುತ್ತಾ ಹೋಗಿ. ಕಡ್ಡಿ ಎಳೆದರೆ ತಿರುಚಿದ ಕೊಂಬು ಉಳಿಯುತ್ತದೆ. ಇದನ್ನು ನೆನಪಿಡಿ, ಈಗಲೇ ಬೇಕಾಗುತ್ತದೆ.

ಮೊದಲ ದಿನ ಮೊಮ್ಮಗನಿಗೆ ಚಕ್ಕುಲಿ ಬಿಚ್ಚುವುದೇ ಚಿಂತೆಯಾಗಿತ್ತು.

"ಅಜ್ಜಾ, ಇದು ಯಾಕ ಬಿಚ್ಚಾಕತ್ತೈತಿ?"

"ಬಿಚ್ಚಲಿ ಬಿಡಪಾ. ಬಿಚ್ಚಿದ್ರನ ಅದಕ್ಕ ಹೊಟ್ಟಿ ಬರತೈತಿ."

ಆದರೆ ಎರಡು ಕಾಲು, ಎರಡು ಕಿವಿ ಒಂದೇ ಅಳತೆಗೆ ಬರಬೇಕಲ್ಲ? ಅದಕ್ಕೆ ಒಂದು ಉಪಾಯ. ಬಿಚ್ಚುವ ಸುರುಳಿಯನ್ನು ಒಂದು ಬಳೆಯೊಳಗೋ ಮುಚ್ಚಳದೊಳಗೋ ಇಟ್ಟರೆ ಅದು ಆ ಗೋಡೆಗೆ ತಾಗುವವರೆಗೆ ಮಾತ್ರ ಬಿಚ್ಚುತ್ತದೆ. ನಾವು ಚಿಕ್ಕ ಸುರುಳಿಗೆ ಅಜ್ಜಿಯ ಬೆರಳಿನ ಉಂಗುರವನ್ನೂ ದೊಡ್ಡ ಸುರುಳಿಗೆ ನೀರಿನ ಬಾಟಲಿಯ ಮುಚ್ಚಳವನ್ನೂ ಇಟ್ಟುಕೊಂಡೆವು. ಉಂಗುರಕ್ಕೆ ಒಂದು ಪಟ್ಟಿ, ಮುಚ್ಚಳಕ್ಕೆ ಮೂರು ಪಟ್ಟಿ ಜೋಡಿಸಿದ 90 ಸೆಂ.ಮೀ. ಉದ್ದದ ಸುರುಳಿ ಸರಿಹೋಗುತ್ತದೆ.

ಚಿಗರಿ

ಪುಸ್ತಕದಲ್ಲಿ ಕೃಷ್ಣಮೃಗ ಎಂದು ಓದುವುದನ್ನೇ ನಾವು ಚಿಗರಿ ಎನ್ನುತ್ತೇವೆ. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಇದೇ ಹೆಸರು ಇಟ್ಟಿದ್ದಾರೆ. ಅಷ್ಟು ಚುರುಕಿನ ಪ್ರಾಣಿ ಇದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಅದಕ್ಕೂ ಎರಡು ವರ್ಷ ಮೊದಲು, 1972ರಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯ ಬೇಟೆಯನ್ನು ನಿಲ್ಲಿಸಿತು. ಈಗ ನಮ್ಮ ತಾಲ್ಲೂಕಿನಲ್ಲಿ ಅವು ಹಿಂಡುಹಿಂಡಾಗಿ ಇವೆ. ಹೊಲಕ್ಕೆ ನುಗ್ಗಿ ಎಳೆಯ ಪೈರು ಮೇಯ್ದಾಗ ರೈತರು ಬೈಯುತ್ತಾರೆ, ಅದೂ ಸುಳ್ಳಲ್ಲ. ಮೊಮ್ಮಗಳು ಪುಟದಲ್ಲಿ ಅದನ್ನೂ ಬರೆದಿದ್ದಾಳೆ.

ಮಾಡುವ ಮುನ್ನ ಚಿಗರಿಯನ್ನು ಸರಿಯಾಗಿ ಗಮನಿಸಬೇಕು. ಬೆಳೆದ ಗಂಡಿನ ಬೆನ್ನು ಕಡು ಕಂದು ಅಥವಾ ಕಪ್ಪು. ಹೊಟ್ಟೆ, ಗದ್ದ, ಕಣ್ಣಿನ ಸುತ್ತ ಬಿಳಿ. ಹೆಣ್ಣು ಮತ್ತು ಮರಿಗಳದ್ದು ತಿಳಿ ಕಂದು. ತಿರುಚಿದ ಉದ್ದ ಕೊಂಬು ಇರುವುದು ಗಂಡಿಗೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಜಿಂಕೆಯ ಕವಲು ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬರುತ್ತದೆ. ಚಿಗರಿಯ ಕೊಂಬು ಹಾಗಲ್ಲ, ಉದುರುವುದೂ ಇಲ್ಲ, ಕವಲೊಡೆಯುವುದೂ ಇಲ್ಲ. ಆದ್ದರಿಂದ ಕೊಂಬಿಗೆ ಕವಲು ಅಂಟಿಸಬೇಡಿ, ಅದು ಬೇರೆ ಪ್ರಾಣಿಯಾಗಿಬಿಡುತ್ತದೆ.

ಮೈಗೆ: ಕಡು ಕಂದು ಬಣ್ಣದ ಮೂರು ಪಟ್ಟಿ ಜೋಡಿಸಿ ಚಕ್ಕುಲಿ ಸುತ್ತಿ, ಮುಚ್ಚಳದಲ್ಲಿ ಬಿಚ್ಚಿಸಿ, ಕರ್ಚಿಕಾಯಿ ಮಾಡಿ. ಅದರ ನೇರ ಬದಿಗೆ ಬಿಳಿ ಪಟ್ಟಿಯ ಒಂದು ಉದ್ದನೆಯ ಕಣ್ಣು ಅಂಟಿಸಿದರೆ ಹೊಟ್ಟೆ ಆಯಿತು.

ಕತ್ತಿಗೆ: ಒಂದು ಕಂದು ಪಟ್ಟಿಯ ಕಣ್ಣು. ಮೈಯ ಮುಂದಿನ ತುದಿಗೆ ಓರೆಯಾಗಿ ಮೇಲ್ಮುಖವಾಗಿ ಅಂಟಿಸಿ.

ತಲೆಗೆ: ಅರ್ಧ ಪಟ್ಟಿಯ ಹನಿ. ಚೂಪು ಬದಿ ಮೂತಿ. ಬಿಳಿಯ ತುಂಡು ಪಟ್ಟಿಯ ಪುಟ್ಟ ಗುಂಡಿಯ ನಡುವೆ ಕಪ್ಪು ಚುಕ್ಕೆ ಇಟ್ಟು ಕಣ್ಣು ಮಾಡಿ.

ಕಾಲಿಗೆ: ಆರು ಸೆಂ.ಮೀ. ಪಟ್ಟಿಯನ್ನು ನಡುವೆ ಮಡಚಿ ಎರಡು ಪದರ ಅಂಟಿಸಿದರೆ ಗಟ್ಟಿಯಾದ ಮೂರು ಸೆಂ.ಮೀ. ಕಾಲು. ಹೀಗೆ ನಾಲ್ಕು. ಮುಂಗಾಲನ್ನು ಮೊಣಕಾಲಿನಲ್ಲಿ ಮಡಚಿ, ಹಿಂಗಾಲನ್ನು ಹಿಂದಕ್ಕೆ ಚಾಚಿಸಿ ಅಂಟಿಸಿದರೆ ಚಿಗರಿ ಚಂಗನೆ ಹಾರುತ್ತದೆ. ನಾಲ್ಕೂ ನೆಟ್ಟಗಿದ್ದರೆ ಮೇಜಿನಂತೆ ನಿಂತುಬಿಡುತ್ತದೆ.

ಕೊಂಬಿಗೆ: ಹತ್ತು ಸೆಂ.ಮೀ. ಕಪ್ಪು ಪಟ್ಟಿಯ ಎರಡು ಸ್ಪ್ರಿಂಗು. ತಲೆಯ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂತೆ ಅಗಲಿಸಿ ನಿಲ್ಲಿಸಿ. ಇಡೀ ಪ್ರಾಣಿಯಲ್ಲಿ ನೋಡಿದವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ.

ಕೊಬ್ಬರಿ ಹೋರಿ

ದೀಪಾವಳಿ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಹೋರಿ ಹಬ್ಬದ ಮಾತು. ಮೈತುಂಬ ಜೂಲು, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿಯ ಹಾರ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಕಿತ್ತವನೇ ಗಂಡು, ಯಾರ ಕೈಗೂ ಸಿಗದೆ ಓಡಿದ್ದೇ ಹೋರಿ. ಮೊಮ್ಮಗನಿಗೆ ಉಳಿದ ಪ್ರಾಣಿ ಯಾವುದೂ ಬೇಡ, ಇದೊಂದಿದ್ದರೆ ಸಾಕು.

ಮೈಗೆ ಬಿಳಿ ಪಟ್ಟಿಯ ದೊಡ್ಡ ಕರ್ಚಿಕಾಯಿ. ಹಿಣಿಲಿಗೆ, ಅಂದರೆ ಭುಜದ ಮೇಲಿನ ಡುಬ್ಬಕ್ಕೆ, ಒಂದು ಚಿಕ್ಕ ಹನಿ. ಹಿಣಿಲು ಬಿಟ್ಟರೆ ಅದು ಹೋರಿಯಾಗುವುದಿಲ್ಲ, ಪರದೇಶದ ದನವಾಗುತ್ತದೆ. ಕೊಂಬಿಗೆ ಸ್ಪ್ರಿಂಗು ಬೇಡ. ಎರಡು ಪದರದ ಪಟ್ಟಿಯನ್ನು ಉಗುರಿನಿಂದ ನೀವಿ ಹಿಂದಕ್ಕೆ ಬಾಗಿಸಿದರೆ ಸಾಕು. ಕೊಬ್ಬರಿಗೆ ಐದು ಸೆಂ.ಮೀ. ಕಂದು ಪಟ್ಟಿಯ ಗುಂಡಿಗಳು. ಕೊರಳ ಸುತ್ತ ಸಾಲಾಗಿ ಹನ್ನೊಂದು ಅಂಟಿಸಿದೆವು. ಮೊಮ್ಮಗ ಹನ್ನೆರಡನೆಯದನ್ನು ಹೋರಿಯ ಹಿಂದೆ ಓಡುವ ಹುಡುಗನ ಕೈಯಲ್ಲಿ ಅಂಟಿಸಿದ. ಆ ಹುಡುಗ ಪೆನ್ಸಿಲ್ ಗೆರೆಯವನು, ಕೈಯಲ್ಲಿರುವ ಕೊಬ್ಬರಿ ಮಾತ್ರ ಕಾಗದದ್ದು.

ನವಿಲು

ನಮ್ಮ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ. 139 ಎಕರೆಯ ಈ ಜಾಗವನ್ನು 2006ರಲ್ಲಿ ನವಿಲುಗಳಿಗೆಂದು ಘೋಷಿಸಿದರು. ಅದೇ ಕೋಟೆಯಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನೆ ಕೇಂದ್ರವೂ ಇದೆ, ಹೋರಿ ಮತ್ತು ನವಿಲು ಎರಡನ್ನೂ ಒಟ್ಟಿಗೆ ನೋಡಿ ಬರಬಹುದು.

ನವಿಲು ಮಾಡುವುದು ಎಲ್ಲಕ್ಕಿಂತ ಸುಲಭ, ಚಿಕ್ಕ ಮಕ್ಕಳು ಇದರಿಂದಲೇ ಆರಂಭಿಸಬಹುದು. ಮೈಗೆ ನೀಲಿ ಹನಿ, ಕೊರಳಿಗೆ ನೀಲಿಯ ಉದ್ದ ಕಣ್ಣು, ತಲೆಗೆ ನೀಲಿ ಗುಂಡಿ, ತುರಾಯಿಗೆ ಮೂರು ಎಳೆ. ಗರಿಗೆ ಒಂಬತ್ತು ಹಸಿರು ಹನಿಗಳನ್ನು ಬೀಸಣಿಗೆಯಂತೆ ಜೋಡಿಸಿ, ಒಂದೊಂದರ ದುಂಡು ತುದಿಯಲ್ಲಿ ನೀಲಿ ಗುಂಡಿ ಕೂಡಿಸಿ. ನಿಜವಾದ ಗಂಡು ನವಿಲು ಪ್ರತಿವರ್ಷ ಮಳೆಗಾಲ ಮುಗಿಯುವಾಗ ಉದ್ದ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ನಿಮ್ಮ ನವಿಲಿನ ಒಂದು ಗರಿ ಬಿದ್ದರೆ ಅಳಬೇಕಿಲ್ಲ, ಇನ್ನೊಂದು ಸುತ್ತಿ ಅಂಟಿಸಿ.

ನಾಲ್ಕನೆಯ ಪ್ರಾಣಿ

ಪುಟದಲ್ಲಿ ಇನ್ನೊಂದು ಮೂಲೆ ಖಾಲಿ ಇತ್ತು. ಪ್ರತಿ ಪ್ರಾಣಿಯ ಕೆಳಗೆ ಮೊಮ್ಮಗಳು ಒಂದು ಪುಟ್ಟ ಚೀಟಿ ಅಂಟಿಸಿದ್ದಳು: ಕಂಡವರು ಯಾರು, ಎಲ್ಲಿ, ಯಾವಾಗ. ಕಣ್ಣಿಂದ ನೋಡದ ಪ್ರಾಣಿ ತನ್ನ ಪುಟದಲ್ಲಿ ಬೇಡ ಎಂಬುದು ಅವಳ ನಿಯಮ. ನಾನು ಆ ಮೂಲೆಗೆ ಎರೆಭೂತ ಮಾಡೋಣ ಎಂದೆ.

"ನೀ ನೋಡೀಯೇನಜ್ಜಾ?"

"ಇಲ್ಲವಾ, ನಾನೂ ನೋಡಿಲ್ಲ."

"ಮತ್ತ ಚೀಟ್ಯಾಗ ಯಾರ ಹೆಸರು ಬರೀಲಿ?"

ಎರೆಭೂತ ಎಂದರೆ ಎರೆ ಹೊಲದ, ಹುಲ್ಲುಗಾವಲಿನ ದೊಡ್ಡ ಹಕ್ಕಿ. ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳೂ ಇವೆ. ಎತ್ತರ ಸುಮಾರು ಒಂದು ಮೀಟರ್. ಗಂಡು ಹಕ್ಕಿ 15 ಕಿಲೋ ತನಕ ತೂಗಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳಲ್ಲಿ ಇದೂ ಒಂದು. ರಾಷ್ಟ್ರಪಕ್ಷಿ ಯಾವುದಾಗಬೇಕು ಎಂಬ ಚರ್ಚೆ ನಡೆದಾಗ ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಒಂದು ಕಾಲದಲ್ಲಿ ರಾಣೆಬೆನ್ನೂರು ಅಭಯಾರಣ್ಯ ಎಂದರೆ ಚಿಗರಿಯ ಜೊತೆ ಎರೆಭೂತದ ಹೆಸರೂ ಬರುತ್ತಿತ್ತು. ಈಗ ಇಡೀ ಜಗತ್ತಿನ ಕಾಡುಬಯಲಿನಲ್ಲಿ ಇನ್ನೂರರ ಒಳಗೆ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿವೆ.

ನಮ್ಮ ಓಣಿಯಲ್ಲಿ ಚಿಕ್ಕಂದಿನಲ್ಲಿ ಕುರಿ ಕಾದ ಹಿರಿಯರೊಬ್ಬರಿದ್ದಾರೆ. ಅವರ ಬಾಯಿಂದ ಈ ಹಕ್ಕಿಯ ಮಾತು ಕೇಳಿದ್ದೆ. ಬೂದು-ಕಂದು ಬಣ್ಣದ ಅರ್ಧ ಮಾಡಿದ ಹಕ್ಕಿಯನ್ನು ರಟ್ಟಿನ ಮೇಲಿಟ್ಟುಕೊಂಡು ಮೂವರೂ ಅವರ ಮನೆಗೆ ಹೋದೆವು. ಅವರಿಗೆ ಈಗ ದೃಷ್ಟಿ ಮಂದ. ಹಕ್ಕಿಯನ್ನು ಅಂಗೈ ಮೇಲೆ ಇಡಿಸಿಕೊಂಡು ಬೆರಳಿನಿಂದ ಸವರಿ ನೋಡಿದರು.

"ಕುತಿಗಿ ಸಣ್ಣದಾತು ನೋಡ ತಂಗಿ. ಇಷ್ಟುದ್ದ ಮಾಡು. ಕಾಲೂ ಉದ್ದ ಮಾಡು."

"ರೆಕ್ಕಿ ಬಿಚ್ಚಲೇನ್ರಿ ಅಜ್ಜಾರ?"

"ಬ್ಯಾಡ. ಅದು ಹಾರೂದು ಕಡಿಮಿ. ಗೌಡ್ರು ಹೊಲ ನೋಡಾಕ ಬಂದಂಗ ತಲಿ ಎತ್ತಿ ನಡಕೊಂತ ಬರತಿತ್ತು. ನಡಸು ಅದನ್ನ."

ಗಂಡು ಹಕ್ಕಿ ಹೆಣ್ಣನ್ನು ಕರೆಯುವಾಗ ಕೊರಳು ಉಬ್ಬಿಸಿ ಬಿಳಿಯ ಚೀಲದಂತೆ ಇಳಿಬಿಡುತ್ತಿತ್ತು, ಅದರ ಗುಮ್ಮೆನ್ನುವ ದನಿ ಎರಡು ಹೊಲದಾಚೆ ಕೇಳುತ್ತಿತ್ತು ಎಂದರು. ಕೋಲಿನಿಂದ ಅಂಗಳದ ಮಣ್ಣಿನಲ್ಲಿ ಆ ಕೊರಳನ್ನು ಬರೆದೂ ತೋರಿಸಿದರು. ಮೊಮ್ಮಗಳು ಆ ಗೆರೆಯ ಮೇಲೆ ತನ್ನ ಗೇಣು ಇಟ್ಟು ಅಳೆದುಕೊಂಡಳು. ಹಕ್ಕಿಗಳ ಪುಸ್ತಕದಲ್ಲಿ ಇದೇ ಮಾತನ್ನು ನಾನು ಓದಿದ್ದೆ. ಆದರೆ ಮಕ್ಕಳು ನಂಬಿದ್ದು ಕೋಲಿನ ಗೆರೆಯನ್ನು.

ಅದು ಯಾಕೆ ಹೋಯಿತು ಎಂದು ಮೊಮ್ಮಗ ಕೇಳಿದ. ಕಾರಣ ಒಂದಲ್ಲ. ಮಾಂಸಕ್ಕಾಗಿ ಹಿಂದೆ ಬಹಳ ಬೇಟೆಯಾಯಿತು. ಹುಲ್ಲುಗಾವಲು ಎಂದರೆ ಪಾಳುಭೂಮಿ ಎಂದುಕೊಂಡು ಉತ್ತೆವು, ನೀಲಗಿರಿ ಮರ ನೆಟ್ಟೆವು. ಈ ಹಕ್ಕಿಗೆ ಮರ ಬೇಡ, ದೂರದವರೆಗೆ ಕಾಣುವ ಬಯಲು ಬೇಕು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಯಿಗೋ ದನದ ಕಾಲಿಗೋ ಸಿಕ್ಕರೆ ಆ ವರ್ಷದ ಮರಿ ಇಲ್ಲ. ಎದುರಿಗಿರುವುದು ಇದಕ್ಕೆ ಸರಿಯಾಗಿ ಕಾಣದ್ದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಇದೆ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸುವ ಕೆಲಸ ನಡೆದಿದೆ, ಮರಿಗಳು ಬೆಳೆಯುತ್ತಿವೆ.

ಹಕ್ಕಿ ಮಾಡುವುದು ಹೀಗೆ. ಮೈಗೆ ಕಂದು ಮತ್ತು ಬೂದು ಪಟ್ಟಿಗಳನ್ನು ಒಂದರ ಪಕ್ಕ ಒಂದು ಹಿಡಿದು ಕೂಡಿಸಿ ಸುತ್ತಿದ ದೊಡ್ಡ ಹನಿ. ಬಿಚ್ಚಿದಾಗ ಎರಡೂ ಬಣ್ಣದ ಗೆರೆ ಕಾಣುತ್ತದೆ. ಕೊರಳಿಗೆ ಬಿಳಿ ಪಟ್ಟಿಯ ಎರಡು ಉದ್ದ ಕಣ್ಣು, ಒಂದರ ಮೇಲೊಂದು. ನೆತ್ತಿಗೆ ಕಪ್ಪು ಟೊಪ್ಪಿಗೆಯಂತೆ ಚಿಕ್ಕ ಕರ್ಚಿಕಾಯಿ. ಎದೆಗೆ ಅಡ್ಡಲಾಗಿ ಒಂದು ಕಪ್ಪು ಎಳೆ. ಎರಡು ಉದ್ದ ಕಾಲು, ಒಂದು ಮುಂದೆ ಒಂದು ಹಿಂದೆ, ನಡೆಯುವಂತೆ.

ಚೀಟಿಯ ಮೇಲೆ ಮೊಮ್ಮಗಳು ಹೀಗೆ ಬರೆದಳು: 'ಕಂಡವರು: ನಮ್ಮ ಓಣಿಯ ಅಜ್ಜ. ಎಲ್ಲಿ: ಎರೆ ಹೊಲದಲ್ಲಿ, ಕುರಿ ಕಾಯುವಾಗ. ಯಾವಾಗ: ಅವರು ನನ್ನಷ್ಟು ಇದ್ದಾಗ. ನಾನು: ಇನ್ನೂ ಇಲ್ಲ.'

ಪುಟ ಜೋಡಿಸುವಾಗ

ಪ್ರಾಣಿಯನ್ನು ನೇರವಾಗಿ ಪುಟದ ಮೇಲೆ ಕಟ್ಟಬೇಡಿ. ರಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಬಿಡಿಭಾಗಗಳನ್ನು ಜೋಡಿಸಿ ಅಂಟಿಸಿ. ಪ್ಲಾಸ್ಟಿಕ್‌ಗೆ ಫೆವಿಕಾಲ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಪ್ರಾಣಿ ಇಡಿಯಾಗಿ ಎದ್ದು ಬರುತ್ತದೆ. ಆಮೇಲೆ ಅದರ ತಳಕ್ಕೆ ಅಲ್ಲಲ್ಲಿ ಚುಕ್ಕೆ ಅಂಟು ಹಚ್ಚಿ ಪುಟಕ್ಕೆ ಇಳಿಸಿ. ಅಂಟು ಹೆಚ್ಚಾದರೆ ಪುಟ ನೆನೆದು ಸುಕ್ಕಾಗುತ್ತದೆ.

ಎದ್ದು ನಿಂತ ಪ್ರಾಣಿಗಳ ಮೇಲೆ ಪುಸ್ತಕ ಮುಚ್ಚಿದರೆ ಸುರುಳಿ ಜಜ್ಜಿಹೋಗುತ್ತದೆ. ಅದಕ್ಕೆ ಪುಟದ ನಾಲ್ಕೂ ಅಂಚಿಗೆ ಒಂದು ಸೆಂ.ಮೀ. ಅಗಲದ ದಪ್ಪ ರಟ್ಟಿನ ಪಟ್ಟಿಗಳನ್ನು ಚೌಕಟ್ಟಿನಂತೆ ಅಂಟಿಸಿ. ಚೌಕಟ್ಟು ಪ್ರಾಣಿಗಿಂತ ಒಂದು ಕೂದಲೆಳೆ ಎತ್ತರ ಇರಲಿ. ಮೂರು ಮಿ.ಮೀ. ಪಟ್ಟಿಯ ಪ್ರಾಣಿಗೆ ಡಬ್ಬಿಯ ರಟ್ಟಿನ ಒಂದು ಪದರ ಸಾಲದಿದ್ದರೆ ಎರಡು ಪದರ ಹಾಕಿ. ಹಿನ್ನೆಲೆಗೆ ಹೆಚ್ಚು ಬಣ್ಣ ಬೇಡ; ತೆಳು ಹಳದಿ ಹಾಳೆ, ಕೆಳಗೆ ಹುಲ್ಲಿನಂತೆ ಸೀಳಿದ ಹಸಿರು ಪಟ್ಟಿ ಸಾಕು. ನಮ್ಮ ಪುಟದಲ್ಲಿ ಕೆಳಗಡೆ ಒಂದು ನೀಲಿ ಪಟ್ಟಿ ಅಲೆಅಲೆಯಾಗಿ ಹೋಗುತ್ತದೆ. ಅದು ನಮ್ಮೂರ ಮುಂದೆ ಹರಿಯುವ ತುಂಗಭದ್ರೆ. ಪುಸ್ತಕವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬಣ್ಣದ ಹಾಳೆ ಬೇಗ ಮಾಸುತ್ತದೆ.

ನಿಮ್ಮೂರು ಬೇರೆಯಾದರೆ ಪ್ರಾಣಿಗಳೂ ಬೇರೆ. ಇದೇ ತುಂಗಭದ್ರೆಯಲ್ಲಿ ಕೆಳಗೆ ಹೋದರೆ ಮುದ್ಲಾಪುರದಿಂದ ಕಂಪ್ಲಿಯ ತನಕ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಕಾದಿರಿಸಿದ್ದಾರೆ. ಆ ಕಡೆಯ ಮಕ್ಕಳು ನೀರುನಾಯಿ ಸುತ್ತಬಹುದು. ಬಯಲುಸೀಮೆಯವರು ತೋಳ, ಮಲೆನಾಡಿನವರು ಮಂಗಟ್ಟೆ, ಊರು ಬಿಟ್ಟು ಬೆಂಗಳೂರು ಸೇರಿದವರು ಗುಬ್ಬಿ. ಏನು ಮಾಡಬೇಕೆಂದು ತೋಚದಿದ್ದರೆ ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಬಳಿ ಹೋಗಿ, ನೀವು ನೋಡಿದ ಯಾವ ಪ್ರಾಣಿ ಈಗ ಕಾಣುತ್ತಿಲ್ಲ ಎಂದು ಕೇಳಿ. ಅರ್ಧ ಮಾಡಿದ್ದನ್ನೇ ಕೈಯಲ್ಲಿ ಕೊಡಿ. ಕತ್ತು ಉದ್ದವಾಗಬೇಕೋ ಬಾಲ ಮೋಟಾಗಬೇಕೋ ಅವರೇ ಹೇಳುತ್ತಾರೆ. ಹೇಳಿದ್ದನ್ನು ಅಂದೇ ಚೀಟಿಯಲ್ಲಿ ಬರೆದುಕೊಳ್ಳಿ, ತಾರೀಖು ಹಾಕಿ.

ಎಲ್ಲ ಅಂಟಿಸಿ ಮುಗಿದ ಮೇಲೆ ಒಂದು ರಾತ್ರಿ ಪುಸ್ತಕವನ್ನು ತೆರೆದೇ ಇಡಿ. ಚೆನ್ನಾಗಿ ಒಣಗಿದ ಮೇಲೆಯೇ ಮುಚ್ಚಬೇಕು.